ಐವತ್ನಾಲ್ಕು ತೋರಿಸಿದ ಹಲಗೆ

ನಾನು ಒಂದು ಹಲಗೆ. ಅಡುಗೆಮನೆಯದಲ್ಲ, ಶಾಲೆಯದೂ ಅಲ್ಲ. ಆಟದ ಅಂಕಿ ತೋರಿಸುವ ಹಲಗೆ. ಹುಬ್ಬಳ್ಳಿಯ ರೈಲ್ವೆ ಕಾಲೋನಿಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ನಾಲ್ವತ್ತು ವರ್ಷ ನಿಂತಿದ್ದೇನೆ. ಅದಕ್ಕೂ ಮೊದಲು ಹಳೆಯ ಬೋಗಿಯೊಂದರ ಸೀಟಾಗಿದ್ದೆ. ಎಷ್ಟು ಊರು ತಿರುಗಿದೆನೋ, ಎಷ್ಟು ಜನರ ಭಾರ ಹೊತ್ತೆನೋ, ಒಂದೂ ನೆನಪಿಲ್ಲ. ನನ್ನ ನಿಜವಾದ ಜನ್ಮ ಫಕ್ಕೀರಪ್ಪ ಸುಣಗಾರನ ಕೈಯಲ್ಲಿ ಆಯಿತು.

ಫಕ್ಕೀರಪ್ಪ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರ್. ಮುರಿದ ಬೋಗಿಯಿಂದ ನನ್ನನ್ನು ಬಿಡಿಸಿ ತಂದು, ಉಜ್ಜಿ, ಕಪ್ಪು ಬಣ್ಣ ಬಳಿದ. ಎಡಕ್ಕೆ ನಮ್ಮ ತಂಡದ ಹೆಸರು 'ಲೋಕೋ', ಬಲಕ್ಕೆ 'ಎದುರಾಳಿ' ಎಂದು ಬಿಳಿ ಬಣ್ಣದಲ್ಲಿ ಬರೆದ. ಎರಡೂ ಕಡೆ ಮೊಳೆ ಹೊಡೆದು, ತೂಗುಹಾಕಲು ತಗಡಿನಲ್ಲಿ ಅಂಕಿಗಳನ್ನು ಕತ್ತರಿಸಿದ. ಒಂಬತ್ತನ್ನು ಬೇರೆ ಕತ್ತರಿಸಲು ಬೇಸರವಾಗಿ ಆರನ್ನೇ ತಲೆಕೆಳಗು ಮಾಡಿ ಕೆಲಸ ಸಾಗಿಸುತ್ತಿದ್ದ. ನನಗೆ ಅದರಿಂದ ಕೊಂಚ ಅವಮಾನ ಆದದ್ದುಂಟು. ಆದರೆ ಹಲಗೆಯ ಮಾತು ಯಾರು ಕೇಳುತ್ತಾರೆ?

ಆಟದ ದಿನ ಅವನು ನನ್ನ ಮುಂದೆ ಸ್ಟೂಲ್ ಹಾಕಿಕೊಂಡು ನಿಲ್ಲುತ್ತಿದ್ದ. ಬಾಲ್ ಬಿತ್ತು ಎಂದು ತಿಳಿದದ್ದೇ ತಡ, ತಗಡು ಬದಲಾಗಬೇಕು. 'ಸುಣಗಾರ ಎಂದೂ ತಪ್ಪು ಅಂಕಿ ಹಾಕಿಲ್ಲ' ಎನ್ನುವುದೇ ಅವನ ಜಂಬ. ಜನ ಅವನನ್ನು 'ಹಲಗಿ ಫಕ್ಕೀರಪ್ಪ' ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಅವನ ಮೀಸೆ ಕುಣಿಯುತ್ತಿತ್ತು.

ಆಗ ಹೆಣ್ಣುಮಕ್ಕಳ ಆಟದಲ್ಲಿ ಧಾರವಾಡದ ಕೋಟೆ ಕ್ಲಬ್ಬಿನದೇ ರಾಜ್ಯ. ಸತತ ಹನ್ನೊಂದು ವರ್ಷ ಕಪ್ ಅವರದೇ. ಪ್ರತಿ ವರ್ಷ ಬರುವುದು, ನಮ್ಮನ್ನು ಬಡಿಯುವುದು, ಕಪ್ಪಿನಲ್ಲಿ ಫೇಡೆ ತುಂಬಿಕೊಂಡು ತಿನ್ನುತ್ತ ಹೋಗುವುದು. ನನ್ನ ಬಲಗಡೆಯ ಮೊಳೆಗಳು ತಗಡು ಬದಲಿಸಿ ಬದಲಿಸಿ ಸವೆದಿದ್ದವು. ಎಡಗಡೆಯ ಮೊಳೆಗಳಿಗೆ ತುಕ್ಕು ಹಿಡಿದಿತ್ತು.

ಅಂಥ ಹೊತ್ತಿನಲ್ಲಿ ರೋಸ್ಲಿನ್ ಬಂದಳು. ಗಾರ್ಡ್ ಒಬ್ಬರ ಮಗಳು, ಹದಿನೆಂಟರ ಹುಡುಗಿ, ಬೆನ್ನ ಮೇಲೆ ಏಳನೇ ನಂಬರು. ಅವಳು ಜಿಗಿದು ಕೈ ಬಿಟ್ಟರೆ ಬಾಲ್ ಬಿದ್ದಂತೆಯೇ. ಅದನ್ನು ನೋಡಿ ನೋಡಿ ಫಕ್ಕೀರಪ್ಪನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತು. ಅವಳು ಜಿಗಿದ ಕೂಡಲೇ ಅವನು ನನ್ನ ಕಡೆ ತಿರುಗಿ ತಗಡು ಹಾಕಿಬಿಡುತ್ತಿದ್ದ. ಬಾಲ್ ಇನ್ನೂ ಗಾಳಿಯಲ್ಲಿ ಇರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಆದರೆ ಆ ಹುಡುಗಿಯ ಕೈಯಿಂದ ಕೂಸು ಪ್ರತಿಸಲ ಹುಟ್ಟುತ್ತಲೇ ಇತ್ತು, ಹಾಗಾಗಿ ಅವನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ತಂಡದಲ್ಲಿ ಹದಿನೇಳರ ಇನ್ನೊಬ್ಬಳಿದ್ದಳು. ಗಿಡ್ಡ ದೇಹ, ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಹೆಸರು ನೀಲಗಂಗಾ. ಮನೆಯಲ್ಲಿ ನೀಲವ್ವ. ಫಕ್ಕೀರಪ್ಪನ ಒಬ್ಬಳೇ ಮಗಳು. ಅವಳು ಬಾಲ್ ಹಾಕಿದಾಗಲೂ ಅವನು ತಗಡು ಬದಲಿಸುತ್ತಿದ್ದ, ಆದರೆ ರೆಫರಿ ಕೈ ಎತ್ತಿದ ಮೇಲೆ, ನಿಧಾನವಾಗಿ. ಹಿತ್ತಲ ಗಿಡ ಮದ್ದಲ್ಲ ನೋಡಿ. ಬಾಲ್ ಹಾಕಿದಾಗಲೆಲ್ಲ ಆ ಹುಡುಗಿ ಒಮ್ಮೆ ಅಪ್ಪನ ಕಡೆ ನೋಡುತ್ತಿದ್ದಳು. ಅವನು ನನ್ನ ಕಡೆ ಮುಖ ಮಾಡಿರುತ್ತಿದ್ದ. ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು. ಅವಳ ಮುಖ ಕಾಣುತ್ತಿದ್ದದ್ದು ನನಗೆ ಮಾತ್ರ.

ಇನ್ನು ಆ ಫೈನಲ್ಲಿನ ಮಾತು. ಕೋಟೆಯವರು ಐವತ್ಮೂರು, ನಾವು ಐವತ್ತೆರಡು. ಉಳಿದದ್ದು ಆರು ಸೆಕೆಂಡು. ಬಾಲ್ ರೋಸ್ಲಿನ್ ಕೈಗೆ ಬಂತು. ಫಕ್ಕೀರಪ್ಪನ ಕೈಯಲ್ಲಿ ನಾಲ್ಕರ ತಗಡು ಸಿದ್ಧವಾಗಿತ್ತು. ಅವಳು ಜಿಗಿದಳು. ಇವನು ತಿರುಗಿದ, ಎರಡನ್ನು ಕಿತ್ತ, ನಾಲ್ಕನ್ನು ಹಾಕಿದ. ಲೋಕೋ, ಐವತ್ನಾಲ್ಕು!

ಜನ ನೋಡಿದ್ದು ನನ್ನನ್ನು. ಗೆದ್ದೆವು ಎಂದು ಹೋ ಎಂದು ಎದ್ದು ಅಂಗಳಕ್ಕೆ ನುಗ್ಗಿದರು. ಕೆಂಪು ಧೂಳು ಎದ್ದಿತು. ಆ ಧೂಳಿನಲ್ಲಿ ರೋಸ್ಲಿನ್‌ಳ ಬಾಲ್ ರಿಂಗಿಗೆ ಬಡಿದು ಹೊರಗೆ ಹಾರಿತು. ದೇವರಾಣೆ, ಹಾರಿತು. ಕೆಳಗೆ ನೀಲವ್ವ ಇದ್ದಳು. ಎತ್ತರದವರ ಮೊಣಕೈಗಳ ನಡುವಿನಿಂದ ಎದ್ದು, ಎರಡೂ ಕೈಯಲ್ಲಿ ಬಾಲನ್ನು ಮೇಲಕ್ಕೆ ನೂಕಿದಳು. ಅದು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು. ಆಮೇಲೆ ಸೀಟಿ ಕೇಳಿತು.

ರೆಫರಿ ಬಾಲ್ ಬಿದ್ದದ್ದನ್ನು ಕಂಡ, ಹಾಕಿದ ಕೈ ಕಾಣಲಿಲ್ಲ. ಎಲ್ಲರೂ 'ಏಳು, ಏಳು' ಎಂದು ಕೂಗುತ್ತಿದ್ದರು, ಅಂಕದ ಪುಸ್ತಕ ಬರೆಯುವವನು ಏಳನೇ ನಂಬರಿಗೇ ಬರೆದುಕೊಂಡ. ಧಾರವಾಡದ ಹುಡುಗಿಯರು ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅವರಿಗೆ ಯಾರು ಹಾಕಿದರೇನು? ಫಕ್ಕೀರಪ್ಪ ಸ್ಟೂಲಿನಿಂದ ಧುಮುಕಿ ಓಡಿದ. ಮಗಳ ಪಕ್ಕದಿಂದಲೇ ಹಾದುಹೋಗಿ ರೋಸ್ಲಿನ್‌ಳ ಕೈ ಎತ್ತಿ ಹಿಡಿದ. ನನಗೆ ಆಗ ಬಾಯಿ ಇದ್ದಿದ್ದರೆ!

ಗದ್ದಲ ಅಡಗಿದ ಮೇಲೆ ಹುಡುಗಿಯರಿಬ್ಬರೂ ಚಪ್ಪಲಿ ಹುಡುಕುತ್ತ ನನ್ನ ಹಿಂಬದಿಗೆ ಬಂದರು.

"ಲೇ ನೀಲಿ, ಬಾಲ್ ನಿಂದು. ನಾ ಹೋಗಿ ಹೇಳ್ತೀನಿ," ಎಂದಳು ರೋಸ್ಲಿನ್.

ನೀಲವ್ವ ಅವಳ ಕೈ ಹಿಡಿದಳು. "ಹೇಳಬ್ಯಾಡ. ಬಾಲ್ ಬೀಳೂಕಿಂತ ಮೊದಲ ನಮ್ಮಪ್ಪ ತಗಡ ಹಾಕ್ಯಾನ. ಅದನ್ನ ನೋಡೇ ಮಂದಿ ಒಳಗ ನುಗ್ಗಿದ್ದು. ಗೊತ್ತಾದ್ರ ಧಾರವಾಡದಾವ್ರು ಸುಮ್ನ ಬಿಡ್ತಾರೇನು? ಕಪ್ಪೂ ಹೋಗತೈತಿ, ಅಪ್ಪನ ಮಾನಾನೂ ಹೋಗತೈತಿ."

"ಮತ್ತ ನೀ?"

"ನನಗ ಗೊತ್ತೈತಲ್ಲ, ಸಾಕು," ಎಂದಳು. ಸಾಕಾಗಿರಲಿಲ್ಲ. ನನ್ನ ಬೆನ್ನಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತಿದ್ದಳು. ಆ ಬಿಸಿ ನನ್ನ ಮರದಲ್ಲಿ ಇಂದಿಗೂ ಉಳಿದಿದೆ ಎಂದರೆ ನೀವು ನಗಬಹುದು.

ಲೋಕೋ ತಂಡ ಅಲ್ಲಿಂದ ಐದು ವರ್ಷ ಸತತ ಕಪ್ ಗೆದ್ದಿತು. ಆಮೇಲೆ ರೋಸ್ಲಿನ್‌ಗೆ ಸಿಕಂದರಾಬಾದಿನಲ್ಲಿ ನೌಕರಿಯಾಯಿತು. ಮರುವರ್ಷ ನಮ್ಮವರು ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದರು. ಅದೇ ವರ್ಷ ನೀಲವ್ವನೂ ಮದುವೆಯಾಗಿ ಗದಗಕ್ಕೆ ಹೋಗಿದ್ದಳು. ಆದರೆ ಅದನ್ನು ಯಾರೂ ಆಟಕ್ಕೆ ಸೇರಿಸಿ ಯೋಚಿಸಲಿಲ್ಲ.

ತಂಡಗಳ ಆಟ ಮುಗಿದ ಮೇಲೆ ಅಭಿಮಾನಿಗಳ ಆಟ ಶುರುವಾಯಿತು. ನನ್ನ ಎದುರಿಗೆ ಒಂದು ಸಿಮೆಂಟಿನ ಕಟ್ಟೆ. ಸಂಜೆ ಐದಕ್ಕೆ ಫಕ್ಕೀರಪ್ಪ ಅಲ್ಲಿ ಹಾಜರು. ಅವನ ಜೊತೆಗೆ ಪ್ರಹ್ಲಾದ ಮಾಸ್ತರರು, ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು. ನೌಕರಿ ಹುಬ್ಬಳ್ಳಿಯಲ್ಲಾದರೂ ಹುಟ್ಟಿದ್ದು ಧಾರವಾಡ, ಜೀವ ಇದ್ದದ್ದು ಕೋಟೆ ಕ್ಲಬ್ಬಿನಲ್ಲಿ. ಪ್ರಶ್ನೆ ದಿನವೂ ಒಂದೇ: ಕೋಟೆಯನ್ನು ಕೆಡವಿದವರು ಯಾರು?

"ರೋಸ್ಲಿನ್ ಒಬ್ಬಾಕಿನ ಕೆಡವಿದ್ದು, ಮಾಸ್ತರ," ಎಂದು ಫಕ್ಕೀರಪ್ಪ ಕಟ್ಟೆ ಗುದ್ದುತ್ತಿದ್ದ. "ಬಂದು ಒಂದು ರಾಜ್ಯ ಕೆಡವಿದ್ಲು, ಹೋಗಿ ಇನ್ನೊಂದು ಕೆಡವಿದ್ಲು. ಇನ್ನೇನ ಬೇಕ್ರಿ ಸಾಕ್ಷಿ?"

"ಹುಚ್ಚಪ್ಪಾ, ಆ ವರ್ಷ ನಮ್ಮ ರೇಣುಕಾನ ಮದುವಿ ಆತು. ಆರಡಿ ಹುಡುಗಿ ರಿಂಗಿನ ಕೆಳಗ ಇರಲಿಲ್ಲ. ಕೋಟಿ ಒಳಗಿಂದನ ಸಡ್ಲಾಗಿತ್ತು. ನಿಮ್ಮಾಕಿ ಬರೇ ಕೈ ಹಚ್ಚಿದ್ಲು."

"ಹಂಗಾರ ಕಡೀ ಬಾಲ್? ಅದೇನು ತಾನ ಹೋಗಿ ಬಿತ್ತೇನ್ರಿ?"

"ಐದು ಮಂದಿ ಆಡೋ ಆಟ ಅದು, ಫಕ್ಕೀರಪ್ಪ. ಒಬ್ಬರ ಕೈಲೆ ಕಟ್ಟಾಕೂ ಆಗೂದಿಲ್ಲ, ಕೆಡವಾಕೂ ಆಗೂದಿಲ್ಲ."

ಹೀಗೆ ಒಂದಲ್ಲ ಎರಡಲ್ಲ, ಇಪ್ಪತ್ತೈದು ವರ್ಷ. ಚಹಾ ಆರುತ್ತಿತ್ತು, ಕೂದಲು ಬೆಳ್ಳಗಾಯಿತು, ಇಬ್ಬರೂ ನಿವೃತ್ತರಾದರು, ವಾದ ಮಾತ್ರ ಹೊಸದಾಗಿಯೇ ಇತ್ತು. ಗದಗದಲ್ಲಿ ನರ್ಸ್ ಆಗಿದ್ದ ನೀಲವ್ವ ತವರಿಗೆ ಬಂದಾಗ ಅಪ್ಪನಿಗೆ ಚಹಾದ ಫ್ಲಾಸ್ಕ್ ತಂದು ಕೊಟ್ಟು, ಕಟ್ಟೆಯ ತುದಿಯಲ್ಲಿ ಕೂತು ಕೇಳುತ್ತಿದ್ದಳು. ಒಮ್ಮೆ ಮಾಸ್ತರರು, "ನಿನ್ನ ಮಗಳೂ ಆಡಿದ್ಲಲ್ಲೋ," ಎಂದರು. ಫಕ್ಕೀರಪ್ಪ ನಕ್ಕು, "ಹೂನ್ರಿ, ರೋಸ್ಲಿನ್‌ಗೆ ನೀರ ಕೊಡಾಕ ಒಬ್ಬರು ಬೇಕಾಗಿತ್ತಲ್ಲ," ಎಂದ. ಚೇಷ್ಟೆಯ ಮಾತು, ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೀಲವ್ವನೂ ನಕ್ಕಳು. ನಗುತ್ತಲೇ ನನ್ನ ಕಡೆ ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಅವಳು ಅಷ್ಟು ವರ್ಷ ಕಾದದ್ದು ಕಪ್ಪಿಗಲ್ಲ, ಹೆಸರಿಗೂ ಅಲ್ಲ. ಅಪ್ಪ ಒಮ್ಮೆ ತಿರುಗಿ ನೋಡಲಿ ಎಂದು, ಅಷ್ಟೇ.

ಈ ವರ್ಷ ನಮ್ಮ ಅಂಗಳದಲ್ಲಿ ಹೊಸ ಕಟ್ಟಡ ಏಳುತ್ತದೆ ಎಂದು ಗೊತ್ತಾಯಿತು. ರಿಂಗಿನ ಕಂಬ ಕೀಳುವುದಕ್ಕೆ ದಿನ ನಿಗದಿಯಾಯಿತು. ಸುದ್ದಿ ಸಿಕಂದರಾಬಾದಿಗೂ ಮುಟ್ಟಿರಬೇಕು. ಒಂದು ಸಂಜೆ ಕನ್ನಡಕ ಹಾಕಿದ, ಸ್ವಲ್ಪ ಕುಂಟುವ ಹೆಂಗಸೊಬ್ಬಳು ಗೇಟು ದೂಡಿ ಒಳಗೆ ಬಂದಳು. ಫಕ್ಕೀರಪ್ಪನಿಗೆ ಗುರುತು ಹತ್ತಲಿಲ್ಲ. ಎಪ್ಪತ್ತಾರು ವರ್ಷ, ಕಣ್ಣಿಗೆ ಪೊರೆ ಬಂದಿತ್ತು.

"ಕಾಕಾ, ನಾನ್ರಿ, ರೋಸ್ಲಿನ್."

ಮುದುಕ ಕೂತಲ್ಲಿಂದ ಎದ್ದೇಬಿಟ್ಟ. "ಬಾರವಾ ತಾಯಿ! ಮಾಸ್ತರ, ಈಗ ಇಕಿನ್ನ ಕೇಳ್ರಿ. ಹೇಳವಾ, ಕೋಟಿ ಕೆಡವಿದ್ದು ಯಾರು? ಇವರ ಬಾಯಿ ಒಮ್ಮೆ ಬಂದ್ ಆಗಲಿ."

ರೋಸ್ಲಿನ್ ಕಟ್ಟೆಯ ಮೇಲೆ ಕೂತು ರಿಂಗನ್ನು ನೋಡಿದಳು. "ನೀಲಿಗೆ ಮಾತು ಕೊಟ್ಟಿದ್ದೆ ಕಾಕಾ," ಎಂದಳು. "ಆದ್ರ ಇನ್ನ ನಾಕ ದಿನಕ್ಕ ಇದೂ ಇರೂದಿಲ್ಲ, ಈಗ ಕಪ್ಪ ವಾಪಸ್ ಕೇಳವರೂ ಯಾರೂ ಇಲ್ಲ. ನನ್ನ ಬಾಲ್ ಅವತ್ತು ಬೀಳಲಿಲ್ಲ. ರಿಂಗಿಗೆ ಬಡದು ಹೊರಗ ಬಂತು. ಹಾಕಿದಾಕಿ ನಿಮ್ಮ ನೀಲಿ. ನೀವು ಮೊದಲ ತಗಡ ಹಾಕಿದ್ರಿ, ನಿಮ್ಮ ಹೆಸರು ಕೆಡಬಾರದಂತ ಆಕಿ ನನ್ನ ಬಾಯಿ ಕಟ್ಟಿದ್ಲು."

ಫಕ್ಕೀರಪ್ಪ ನನ್ನನ್ನು ನೋಡಿದ. ನನ್ನ ಮೈಮೇಲೆ ಆ ಸಂಜೆ ಒಂದೂ ಅಂಕಿ ಇರಲಿಲ್ಲ, ಬರೀ ಮೊಳೆ.

ವಾದದಲ್ಲಿ ಗೆಲ್ಲಲು ಮಾಸ್ತರರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. ಆದರೆ ಅವರು ಗೆಳೆಯನ ಭುಜದ ಮೇಲೆ ಕೈ ಇಟ್ಟು, "ಮನಿಗೆ ಹೋಗು ಫಕ್ಕೀರಪ್ಪ. ಮಗಳಿಗೆ ಫೋನ್ ಮಾಡು," ಎಂದರು.

ನೀಲವ್ವ ರವಿವಾರ ಬಂದಳು. ಕಂಬ ಕೀಳುವುದು ಸೋಮವಾರ. ಮಧ್ಯಾಹ್ನದ ಬಿಸಿಲಲ್ಲಿ ಅಪ್ಪ ಮಗಳು ಇಬ್ಬರೇ. ಫಕ್ಕೀರಪ್ಪನ ಕಂಕುಳಲ್ಲಿ ತಗಡುಗಳ ಚೀಲ, ಅವಳ ಕೈಯಲ್ಲಿ ಯಾರದೋ ಹಳೆಯ ಬಾಲ್.

"ಯಾಕ ಹೇಳಲಿಲ್ಲವಾ? ನಿನ್ನ ಮುಂದ ಕೂತು ಇಷ್ಟು ವರ್ಷ ಬ್ಯಾರೆ ಯಾರನ್ನೋ ಹೊಗಳಿದೆ. ನಿನಗ ಹೆಂಗ ಅನಸಿರಬೇಕು?"

"ಹೆಂಗ ಹೇಳ್ಲಿ ಅಪ್ಪಾ," ಎಂದಳು. "ನಾ ನೋಡಿದಾಗೆಲ್ಲ ನೀ ಹಲಗಿ ಕಡೆ ಮುಖ ಮಾಡಿರತಿದ್ದಿ."

ಮುದುಕ ಚೀಲದಿಂದ ಐದು ಮತ್ತು ಎರಡರ ತಗಡು ತೆಗೆದು ನನ್ನ ಎಡಕ್ಕೆ ತೂಗಿದ. ಬಲಕ್ಕೆ ಐದು ಮತ್ತು ಮೂರು. ಎಷ್ಟೋ ವರ್ಷದ ಮೇಲೆ ನನ್ನ ಮೈಗೆ ಜೀವ ಬಂದಂತಾಯಿತು. ನಾಲ್ಕನ್ನು ಕೈಯಲ್ಲೇ ಹಿಡಿದುಕೊಂಡ.

"ಒಗಿ ನೀಲವ್ವ."

"ಅಪ್ಪಾ, ನಂಗೀಗ ನಾಲ್ವತ್ತೆಂಟು. ಮೊಣಕಾಲು ಕೇಳೂದಿಲ್ಲ."

"ಒಗಿ."

ಅವಳು ಸೆರಗು ಸಿಕ್ಕಿಸಿ ಬಾಲ್ ಎಸೆದಳು. ರಿಂಗಿಗೂ ತಾಗಲಿಲ್ಲ. ಎರಡನೆಯದು ರಿಂಗಿಗೆ ಬಡಿದು ಹೊರಗೆ ಹಾರಿತು. ಫಕ್ಕೀರಪ್ಪ ಕಣ್ಣು ಕಿರಿದು ಮಾಡಿ ಬಿಸಿಲಿನಲ್ಲಿ ಅವಳನ್ನೇ ನೋಡುತ್ತಿದ್ದ. ಅವನಿಗೆ ಎಷ್ಟು ಕಂಡಿತೋ ಗೊತ್ತಿಲ್ಲ.

"ಬಿತ್ತೇನವಾ?"

"ಇಲ್ಲಪ್ಪಾ, ಬೀಳಲಿಲ್ಲ."

"ಇರಲಿ, ನಾ ಕಾಯ್ತೀನಿ. ನಿಧಾನ ಒಗಿ."

ನಾಳೆ ನನ್ನನ್ನೂ ಕೀಳುತ್ತಾರೆ. ಅವನ ಹಿತ್ತಲಿಗೆ ಹೋಗುತ್ತೇನೋ, ಯಾರದೋ ಒಲೆಗೆ ಹೋಗುತ್ತೇನೋ ತಿಳಿಯದು. ಕೋಟೆ ಕೆಡವಿದವರು ಯಾರು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಇನ್ನು ಕೇಳುವವರೂ ಇಲ್ಲ. ನನಗೆ ಆ ಚಿಂತೆಯೂ ಇಲ್ಲ. ನೀಲವ್ವ ಬಾಲನ್ನು ಮತ್ತೆ ಎತ್ತಿಕೊಂಡು, ಎಸೆಯುವ ಮುಂಚೆ ಹಳೆಯ ರೂಢಿಯಂತೆ ಅಪ್ಪನ ಕಡೆ ನೋಡಿದಳು. ನಾಲ್ಕರ ತಗಡು ಅವನ ಕೈಯಲ್ಲೇ ಇತ್ತು. ನಾಲ್ವತ್ತು ವರ್ಷ ಅವನ ಮುಖವನ್ನೇ ನೋಡಿದ ನನಗೆ ಇವತ್ತು ಕಂಡದ್ದು ಅವನ ಬೆನ್ನು.