ಭರಮಣ್ಣ ಹೂಂ ಅಂದದ್ದು

ಹಡಗಿನಿಂದ ಇಳಿದು ಮನೆಗೆ ಬಂದ ಮೇಲೆ ಮೊದಲ ಹನ್ನೆರಡು ದಿನ ಭರಮಣ್ಣ ಬರೀ ಮಲಗಿದ. ಉಂಡು ಮಲಗಿದ, ಎದ್ದು ಚಹಾ ಕುಡಿದು ಮತ್ತೆ ಮಲಗಿದ. ರಾಣೆಬೆನ್ನೂರಿನ ಈ ಮನೆಯ ನೆಲ ಅಲುಗುವುದಿಲ್ಲ ಎಂಬುದೇ ಅವನಿಗೆ ಸಾಕಷ್ಟು ಸುಖವಾಗಿತ್ತು. ಒಂಬತ್ತು ತಿಂಗಳು ಕಲ್ಲಿದ್ದಲು ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿ ದುಡಿದು ಬಂದಿದ್ದ. ನಲವತ್ತೇಳರ ಮೈಯಲ್ಲಿ ಒಂದು ಕೀಲೂ ತನ್ನ ಜಾಗದಲ್ಲಿ ಉಳಿದಿಲ್ಲ ಅನ್ನಿಸುತ್ತಿತ್ತು.

ಐಟಿಐ ಮುಗಿಸಿ ಗೋವಾದ ಹಡಗು ರಿಪೇರಿ ಕೆಲಸಕ್ಕೆ ಹೋದವನು ಅಲ್ಲಿಂದಲೇ ಸಮುದ್ರಕ್ಕೆ ಇಳಿದಿದ್ದ. ಹತ್ತೊಂಬತ್ತು ವರ್ಷವಾಯಿತು. ಒಂಬತ್ತು ತಿಂಗಳು ನೀರು, ಮೂರು ತಿಂಗಳು ಮನೆ. ಆ ಮೂರು ತಿಂಗಳಲ್ಲಿ ಮಾಡಲು ಹೆಚ್ಚೇನೂ ಇರುತ್ತಿರಲಿಲ್ಲ. ಬೆಳಿಗ್ಗೆ ತರಕಾರಿ ತರುತ್ತಿದ್ದ. ನೀರಿನ ಟಾಕಿ ತೊಳೆಯುತ್ತಿದ್ದ. ಒಮ್ಮೆ ಐರಣಿಗೆ ಹೋಗಿ ಹೊಳೆಯಲ್ಲಿ ಕಾಲಿಟ್ಟು ಕುಳಿತು ಬಂದ. ಸಂಜೆ ರೈಲ್ವೆ ಸ್ಟೇಷನ್ ಹತ್ತಿರದ ಚಹಾದಂಗಡಿಗೆ ಹೋಗುತ್ತಿದ್ದ. ಅಲ್ಲಿ ಖಲಂದರ ಸಿಗುತ್ತಿದ್ದ. ಶಾಲೆಯಿಂದಲೂ ಗೆಳೆಯ, ಈಗ ಆಟೋ ಓಡಿಸುತ್ತಾನೆ. ಪೆಟ್ರೋಲಿನಿಂದ ಹಿಡಿದು ಬೀಗರ ಮನೆಯ ಬಿರಿಯಾನಿಯವರೆಗೆ ಎಲ್ಲವನ್ನೂ ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುವ ಮನುಷ್ಯ. ಭರಮಣ್ಣನಿಗೆ ಅದೇ ಬೇಕಾಗಿತ್ತು.

ಯಾಕೆಂದರೆ ಭರಮಣ್ಣನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಂಜಿನ್ ಕೋಣೆಯಲ್ಲಿ ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕೆಂಬ ನಿಯಮ ಇತ್ತು, ಮುಚ್ಚಳವೂ ಇತ್ತು. ಆದರೆ ಆ ಸೆಕೆಗೆ ಮುಚ್ಚಳದೊಳಗೆ ಬೆವರು ತುಂಬಿ ಕಿವಿ ಕೊಳೆಯುತ್ತಿತ್ತು. ಅದೂ ಅಲ್ಲದೆ, ಯಾವ ಪಂಪು ಕೆಟ್ಟಿದೆ ಎಂದು ಕಂಡುಹಿಡಿಯಲು ಅದರ ಸದ್ದನ್ನೇ ಕೇಳಬೇಕಿತ್ತು. ತೆಗೆದು ಕೇಳಿದ, ತೆಗೆದೇ ಇಟ್ಟ. ಮೂರು ವರ್ಷದ ಹಿಂದೆ ಎಡಗಿವಿ ಹೋಯಿತು. ಈ ಸಲದ ಪ್ರಯಾಣದಲ್ಲಿ ಬಲಗಿವಿಗೂ ಸದ್ದು ದೂರ ದೂರ ಸರಿಯುತ್ತ ಬಂತು. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಹಿಡಿಯಲಾಗದಿದ್ದರೆ ಹೂಂ ಅನ್ನುತ್ತಿದ್ದ. ಮನೆಯ ಮುಕ್ಕಾಲು ಪಾಲು ಮಾತಿಗೆ ಹೂಂ ಸಾಕಾಗುತ್ತದೆ. ಹೇಳಿಬಿಟ್ಟರೆ ಮುಂದಿನ ಹಡಗಿನ ವೈದ್ಯಕೀಯ ಪರೀಕ್ಷೆಯವರೆಗೂ ಮನೆಯಲ್ಲಿ ಅದೇ ಮಾತಾಗುತ್ತದೆ, ಅಷ್ಟು ಮಾತಾಡುವ ತ್ರಾಣ ತನ್ನಲ್ಲಿಲ್ಲ ಎಂದು ಸುಮ್ಮನಿದ್ದ.

ಹೆಂಡತಿ ಮಹೇಶ್ವರಿಯ ತಮ್ಮ ಸಿದ್ದೇಶ ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಮೇಲ್ವಿಚಾರಕ. ಒಂದು ಸೋಮವಾರ ಅವನು ಬಂದು, "ಮಾವಾರ, ಎಷ್ಟಂತ ಮಲಗತೀರಿ? ಬರ್ರಿ, ಪ್ಯಾಟಿ ನೋಡಿ ಬರೂಣು" ಎಂದು ಬೈಕಿನ ಮೇಲೆ ಕೂರಿಸಿಕೊಂಡು ಹೋದ. ಮಾರುಕಟ್ಟೆಯ ಅಂಗಳದಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಗಳು ಕಣ್ಣು ಹಾಯುವವರೆಗೂ ಇದ್ದವು. ಹಮಾಲರು ಚೀಲ ಸುರಿದಂತೆಲ್ಲ ಘಾಟು ಎದ್ದು ಬರುತ್ತಿತ್ತು. ಎಲ್ಲರ ಮೂಗು ಬಾಯಿಗೂ ವಸ್ತ್ರ. ಸಿದ್ದೇಶನೂ ಟವೆಲ್ ಸುತ್ತಿಕೊಂಡ. ಭರಮಣ್ಣನಿಗೆ ಅಲ್ಲಿ ಒಂದು ತುಟಿಯೂ ಕಾಣಲಿಲ್ಲ.

ಸಿದ್ದೇಶ ರಾಶಿಯ ಪಕ್ಕ ನಿಂತು ಅವನ ಎಡಗಡೆಗೆ ಬಾಗಿ ಬಹಳ ಹೊತ್ತು ಮಾತಾಡಿದ. ನಡುನಡುವೆ ಹುಬ್ಬೇರಿಸಿ ಕೇಳಿದ. ಮೆಣಸಿನಕಾಯಿಯ ಧಾರಣೆ ಹೇಳುತ್ತಿದ್ದಾನೆ ಎಂದು ಭರಮಣ್ಣ ತಿಳಿದ. ಹೂಂ ಅಂದ. ಕೊನೆಗೊಮ್ಮೆ ಸಿದ್ದೇಶ ಅವನ ಕೈ ಹಿಡಿದುಕೊಂಡು ಏನೋ ಕೇಳಿದಾಗ, "ಹಂಗ ಮಾಡಪಾ, ನಿನಗ ಸರಿ ಕಂಡಂಗ" ಎಂದ. ಸಿದ್ದೇಶನ ಕಣ್ಣು ತುಂಬಿದವು. ಘಾಟಿಗೆ ಇರಬೇಕು ಅಂದುಕೊಂಡ.

ಮಾರನೆಯ ದಿನ ಮಹೇಶ್ವರಿ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತ ಏನೋ ಕೇಳಿದಳು. ಅವನು ಅದಕ್ಕೂ ಹೂಂ ಅಂದ. ಎರಡು ದಿನ ಕಳೆದು ಮಗಳು ಪ್ರಿಯಾಂಕಾ ಅವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಹೊರಟಿದ್ದಳು. ದಾರಿಯುದ್ದಕ್ಕೂ ಅವಳ ತಲೆ ಅಲ್ಲಾಡುತ್ತಿತ್ತು, ಏನೋ ಹೇಳುತ್ತಿದ್ದಳು. ಬಿ.ಎಸ್ಸಿ. ಕೊನೆಯ ವರ್ಷ, ಪರೀಕ್ಷೆಯ ಮಾತಿರಬೇಕು. ಭುಜ ತಟ್ಟಿ ಹೂಂ, ಹೂಂ ಅಂದ.

ಆಮೇಲೆ ಮನೆ ಬಹಳ ಶಾಂತವಾಯಿತು. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಊಟ ಬಡಿಸಿ ಒಳಗೆ ಹೋಗುತ್ತಿದ್ದರು. ನಾನು ದಣಿದು ಬಂದಿದ್ದೇನೆಂದು ಇವರಿಗೆ ಅರ್ಥವಾಗಿದೆ ಎಂದು ಭರಮಣ್ಣ ಸಮಾಧಾನಪಟ್ಟ.

ಅದರ ಮರುವಾರ ಒಂದು ಮಧ್ಯಾಹ್ನ ಮಹೇಶ್ವರಿ ಕುಕ್ಕರಿನಲ್ಲಿ ಬೇಳೆ ಇಟ್ಟು, ಅವನ ಎದುರಿಗೆ ಬಂದು, "ಮೂರು ಸೀಟಿ ಆದ ಮ್ಯಾಲ ಬಂದ್ ಮಾಡ್ರಿ" ಎಂದು ಬಿಗುವಾಗಿ ಹೇಳಿ ಪಕ್ಕದ ಮನೆಗೆ ಹೋದಳು. ಭರಮಣ್ಣ ಅಡುಗೆಮನೆಯ ಹೊಸ್ತಿಲಲ್ಲಿ ಒಲೆಗೆ ಬೆನ್ನು ಮಾಡಿ ಪೇಪರ್ ಹಿಡಿದು ಕುಳಿತ. ಕುಕ್ಕರಿನ ಸೀಟಿಯಾದರೂ ಕೇಳಿಸೀತು ಎಂಬ ಧೈರ್ಯ ಅವನಿಗಿತ್ತು.

ಪಕ್ಕದ ಮನೆಯಲ್ಲಿ ಮಹೇಶ್ವರಿ ಸೀಟಿ ಎಣಿಸುತ್ತಿದ್ದಳು. ಐದಾಯಿತು, ಏಳಾಯಿತು. ಒಂಬತ್ತನೆಯದಕ್ಕೆ ಸಿಟ್ಟಿನಿಂದ ಹಿತ್ತಲ ಬಾಗಿಲಿನಿಂದ ನುಗ್ಗಿ ಒಲೆ ಆರಿಸಿದಳು. ಹತ್ತು ದಿನದಿಂದ ನುಂಗಿದ್ದೆಲ್ಲ ಗಂಟಲಿಗೆ ಬಂದಿತ್ತು. ತಿರುಗಿ ನೋಡಿದರೆ ಗಂಡ ಎರಡು ಮಾರು ದೂರದಲ್ಲಿ ನೆಮ್ಮದಿಯಾಗಿ ಪೇಪರ್ ಓದುತ್ತಿದ್ದಾನೆ. ಅವಳು ನಿಂತಲ್ಲೇ ನಿಂತಳು.

"ರೀ" ಅಂದಳು. ಇನ್ನೂ ಜೋರಾಗಿ, "ರೀ, ನಿಮ್ಮನ್ನ."

ಬೆನ್ನು ಅಲುಗಲಿಲ್ಲ.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಗಂಡನ ಹೆಸರು ಹೇಳಿದವಳಲ್ಲ. ಜನಗಣತಿಯವರು ಬಂದಾಗ ಮಗಳ ಕೈಲಿ ಹೇಳಿಸಿದ್ದಳು. ಈಗ ಒಂದು ಹೆಜ್ಜೆ ಮುಂದೆ ಬಂದು, "ಭರಮಣ್ಣ" ಎಂದಳು. ಮತ್ತೊಮ್ಮೆ, ಕೂಗಿ, "ಭರಮಣ್ಣಾ!"

ಅವನು ಪೇಪರಿನ ಹಾಳೆ ತಿರುವಿದ.

ಅವಳು ಸುತ್ತಿ ಬಂದು ಎದುರಿಗೆ ಕುಳಿತಳು. "ನನ್ನ ಮಾತು ಕೇಳ್ಸತೈತೇನ್ರಿ ನಿಮಗ?"

ಅವನು ಅವಳ ಮುಖ ನೋಡಿದ. ತಿರುಗಿ ಒಲೆಯ ಮೇಲೆ ಗೋಡೆಗೆಲ್ಲ ಸಿಡಿದ ಬೇಳೆಯ ನೀರು ನೋಡಿದ. ಪೇಪರ್ ಮಡಚಿಟ್ಟ.

"ಸೀಟಿ ಹೊಡೀತೇನು?"

"ಒಂಬತ್ತು."

"ಎಡಗಿವಿ ಹೋಗಿ ಮೂರು ವರ್ಸಾತು. ಬಲಗಿವಿ ಈ ಸಲ. ಹೇಳಬೇಕು ಹೇಳಬೇಕು ಅಂತಿದ್ದೆ."

ಮಹೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲು ಹೋದವಳು, ಮುಚ್ಚಿದರೆ ಅವನಿಗೆ ಕಾಣುವುದಿಲ್ಲವೆಂದು ಕೈ ಕೆಳಗಿಳಿಸಿದಳು. "ಹಂಗಾದ್ರ ಪ್ರಿಯಾಂಕಾನ ಮದುವಿಗೆ ನೀವು ಹೂಂ ಅಂದದ್ದು?"

ತುಟಿ ತಪ್ಪಾಗಿ ಓದಿದೆನೇ ಎಂದು ಅವನು ಮತ್ತೆ ನೋಡಿದ. "ಯಾರ ಮದುವಿ?"

ಅವಳು ನಿಧಾನವಾಗಿ, ಕೆಲವನ್ನು ಎರಡೆರಡು ಸಲ ಹೇಳಿದಳು. ಹಾವೇರಿಯ ಫಕ್ಕೀರಪ್ಪನ ಮಗ. ಸಿದ್ದೇಶ ತಂದ ಸಂಬಂಧ. ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ಕೈ ಹಿಡಿದು ಕೇಳಿದ್ದಕ್ಕೆ ಮಾವ ಒಪ್ಪಿದರು ಎಂದು ಅವನು ಸಂತೋಷದಿಂದ ಅತ್ತನಂತೆ. ಹೆಂಡತಿಯನ್ನು ಒಂದು ಮಾತೂ ಕೇಳದೆ ಒಪ್ಪಿದಿರಾ ಎಂದು ರೊಟ್ಟಿ ಬಡಿಯುತ್ತ ಕೇಳಿದ್ದಕ್ಕೆ ಹೂಂ ಎಂದಿರಿ. ಮಗಳಿಗೆ ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸ ಗಟ್ಟಿಯಾಗಿದೆ, ಜೂನಿಗೆ ಸೇರಬೇಕು. ಇನ್ನೆರಡು ವರ್ಷ ಬೇಡವೆಂದರೂ ಮದುವೆ ಮಾಡೇಬಿಡುತ್ತೀಯಾ ಎಂದು ಅವಳು ಸ್ಕೂಟಿಯ ಮೇಲೆ ಅತ್ತು ಕೇಳಿದಳು. ಅದಕ್ಕೂ ಹೂಂ. ಬರುವ ಗುರುವಾರ ಹಾವೇರಿಯವರು ಒಪ್ಪಿಗೆಗೆ ಬರುವವರಿದ್ದಾರೆ.

ಭರಮಣ್ಣ ಗೋಡೆಗೆ ಒರಗಿದ. ಒಂಬತ್ತು ತಿಂಗಳ ದಣಿವು ಈಗ ಒಮ್ಮೆಗೇ ಮೈಮೇಲೆ ಬಿದ್ದಂತಾಯಿತು.

ಮೂರು ಗಂಟೆಗೆ ಪ್ರಿಯಾಂಕಾ ಕಾಲೇಜಿನಿಂದ ಬಂದಳು. ಅವನು ಬಾಗಿಲಲ್ಲೇ ಅವಳನ್ನು ತಡೆದ. "ನನ್ನ ಮುಂದ ನಿಂತ ಮಾತಾಡವ್ವಾ. ನನಗ ಕಿವಿ ಕೇಳ್ಸವಲ್ದು."

ಅವಳು ಅವ್ವನ ಕಡೆ ನೋಡಿದಳು. ಅವ್ವ ತಲೆಯಾಡಿಸಿದಳು. ಬ್ಯಾಗು ಇಳಿಸುವುದನ್ನೂ ಮರೆತು ಪ್ರಿಯಾಂಕಾ, "ಎಂಟು ದಿನದಿಂದ ನಾ ನಿನ್ನ ಕೂಡ ಮಾತ ಬಿಟ್ಟೇನಿ ಅಪ್ಪಾ. ನಿನಗ ಗೊತ್ತ ಆಗಲಿಲ್ಲೇನು?" ಎಂದಳು.

ಅವನಿಗೆ ಇದು ಸ್ಪಷ್ಟವಾಗಿ ಕಂಡಿತು. "ಇಲ್ಲವ್ವಾ" ಎಂದ. "ಮನ್ಯಾಗ ಎಲ್ಲಾರೂ ಆರಾಮ ಅದಾರ ಅಂತ ತಿಳಕೊಂಡಿದ್ದೆ."

ಅವಳಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಅವನು ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದ, ಮುದ್ದಿಗಷ್ಟೇ ಅಲ್ಲ, ಏನಾದರೂ ಹೇಳಿದರೆ ತಪ್ಪಿಹೋಗಬಾರದೆಂದು. "ನಿನಗ ಬ್ಯಾಡಂದ್ರ ಬ್ಯಾಡ. ನಾ ಹೋಗಿ ಹೇಳಿ ಬರತೇನಿ."

ಸುದ್ದಿ ತಿಳಿದು ಸಂಜೆಯೇ ಸಿದ್ದೇಶ ಓಡಿಬಂದ. ಮೊದಲು ತಲೆ ಚಚ್ಚಿಕೊಂಡ. ಆಮೇಲೆ ಎದುರಿಗೆ ಕುಳಿತು ಉಪಾಯ ಹೇಳಿದ. "ಮಾವಾರ, ಜಾತಕ ಕೂಡಲಿಲ್ಲ ಅಂದಬಿಡೂಣು. ಕಿವಿ ವಿಷಯ ಬಾಯಿ ಬಿಡಬ್ಯಾಡ್ರಿ. ಊರ ತುಂಬ ಆಗತೈತಿ, ನಾಳೆ ಹಡಗಿನ ಕಂಪನಿಯವರಿಗೂ ಮುಟ್ಟತೈತಿ."

"ಅವರ ಮುಂದ ಒಂದು ಸುಳ್ಳು ಹೇಳಿದ್ರ, ಅವರು ತಿರುಗಿ ಹತ್ತು ಪ್ರಶ್ನೆ ಕೇಳತಾರ ಸಿದ್ದೇಶಾ. ಅವನ್ನ ಕೇಳಿಸಿಕೊಳ್ಳಾಕ ನನಗ ಕಿವಿ ಎಲ್ಲಿ ಐತಿ?" ಎಂದ ಭರಮಣ್ಣ. "ಸಾಕಾಗೇತೋ. ಇದ್ದದ್ದು ಹೇಳತೇನಿ."

ಮರುದಿನ ಗಂಡ ಹೆಂಡತಿ ಬಸ್ಸು ಹಿಡಿದು ಹಾವೇರಿಗೆ ಹೋದರು. ಫಕ್ಕೀರಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಮನೆಯಲ್ಲೂ ತುಂಬಿದ ಬಸ್ಸಿನಲ್ಲಿ ಕೂಗುವ ದನಿಯಲ್ಲೇ ಮಾತಾಡುತ್ತಿದ್ದ. "ಬರ್ರಿ ಬೀಗರ, ಕುಂದ್ರಿ" ಎಂದದ್ದು ಭರಮಣ್ಣನಿಗೆ ಬಲಗಿವಿಯಲ್ಲಿ ನೇರ ಬಂದು ತಲುಪಿತು. ತಿಂಗಳುಗಳ ನಂತರ ಒಬ್ಬರ ಮಾತು ತುಟಿ ನೋಡದೆ ತಿಳಿಯಿತು. ಇಂಥ ಮನುಷ್ಯನಿಗೇ ಇದನ್ನು ಹೇಳಬೇಕಾಯಿತಲ್ಲ ಎಂದು ಬೇಸರವಾಯಿತು.

ಹೇಳಿದ. ಮೆಣಸಿನಕಾಯಿ ಅಂಗಳ, ಟವೆಲ್ಲು, ಸ್ಕೂಟಿ, ಏನೂ ಬಿಡಲಿಲ್ಲ. ಫಕ್ಕೀರಪ್ಪನ ಮುಖ ಕಪ್ಪಾಯಿತು. "ಇದೇನ್ರಿ ಆಟ? ನಾವು ಮಂದಿಗೆಲ್ಲಾ ಹೇಳೇವಿ, ಗುರುವಾರಕ್ಕ ಗಾಡಿ ಗೊತ್ತ ಮಾಡೇವಿ!"

"ತಪ್ಪ ನಂದು. ನನ್ನ ಮೈದುನಂದೂ ಅಲ್ಲ, ಹುಡುಗಿದೂ ಅಲ್ಲ."

ಫಕ್ಕೀರಪ್ಪ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದ. ಕುಳಿತುಕೊಳ್ಳುವಾಗ, ಬಸ್ಸಿನಲ್ಲಿ ನಿಂತು ನಿಂತು ಸವೆದ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಮೆಲ್ಲಗೆ ಇಳಿದ. "ಎಂಜಿನ್ನು ಅಷ್ಟ ಗದ್ಲ ಮಾಡತಾವೇನ್ರಿ?" ಎಂದು ಕೇಳಿದ.

"ಕೂಗಿದ್ರ ನಿಮ್ಮ ದನಿನೂ ಕೇಳ್ಸಂಗಿಲ್ರಿ ಅಲ್ಲಿ."

"ಚಾ ತಗೊಂಡ ಬಾ" ಎಂದು ಫಕ್ಕೀರಪ್ಪ ಒಳಗೆ ಕೂಗಿದ.

ಚಹಾ ಕುಡಿದು ಎದ್ದರು. ಭರಮಣ್ಣ ಬಾಗಿ ಚಪ್ಪಲಿ ಮೆಟ್ಟುತ್ತಿದ್ದಾಗ ಫಕ್ಕೀರಪ್ಪನ ಹೆಂಡತಿ ಮಹೇಶ್ವರಿಗೆ ಕುಂಕುಮ ಹಚ್ಚುತ್ತ, "ಛಲೋ ಆತು ಬಿಡವಾ, ಮೊದಲ ಗೊತ್ತಾತು. ತಂದಿಗಿ ಇದ್ದದ್ದು ನಾಳೆ ಹುಡುಗಿಗೂ ಬರತಿತ್ತೋ ಏನೋ" ಎಂದಳು. ಮಹೇಶ್ವರಿಯ ಮುಖ ಬಿಗಿಯಿತು. ಭರಮಣ್ಣ ತಲೆಯೆತ್ತಿ ಅವಳನ್ನು ನೋಡಿದ.

ಬೀದಿಗೆ ಬಂದ ಮೇಲೆ, "ಏನಂದ್ರು?" ಎಂದು ಕೇಳಿದ.

"ಹೋಗಿ ಬರ್ರಿ ಅಂದ್ರು" ಎಂದಳು ಮಹೇಶ್ವರಿ. ಬಸ್ಸಿನಲ್ಲಿ ಅವನ ಬಲಗಡೆ ಕುಳಿತಳು. ಮೋಟೆಬೆನ್ನೂರು ಬರುವಷ್ಟರಲ್ಲಿ ಅವನು ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಮುಂದಿನ ವಾರ ಪ್ರಿಯಾಂಕಾ ಅವನನ್ನು ಹುಬ್ಬಳ್ಳಿಯ ಕಿವಿ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಯಂತ್ರ ಹಾಕಿದರು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಮುಂಬೈಯಲ್ಲಿ ಹಡಗು ಹತ್ತುವ ಮೊದಲಿನ ಪರೀಕ್ಷೆಯಲ್ಲಿ ಕಳೆದ ಎರಡು ಸಲವೂ ಅವನು ಗಾಜಿನಾಚೆ ಗುಂಡಿ ಒತ್ತುವ ಹುಡುಗಿಯ ಕೈ ನೋಡಿ ಬೆರಳೆತ್ತಿ ಪಾಸಾಗಿದ್ದ. ಇಲ್ಲಿಯೂ ಕೈ ಕಾಣುತ್ತಿತ್ತು. ಭರಮಣ್ಣ ಕಣ್ಣು ಮುಚ್ಚಿಕೊಂಡ.

ಬಹಳ ಹೊತ್ತು ಬೆರಳು ತೊಡೆಯ ಮೇಲೆ ಹಾಗೇ ಇತ್ತು. ಬಲಗಡೆ ಎಲ್ಲೋ ಆಳದಲ್ಲಿ ಒಂದೆರಡು ಸಲ ಏನೋ ಮಿಡಿಯಿತು, ಎತ್ತಿದ. ಕೊನೆಗೆ ಯಾರೋ ಭುಜ ಮುಟ್ಟಿ ಮುಗಿಯಿತು ಎಂದು ಸನ್ನೆ ಮಾಡಿದರು. ಬಲಗಿವಿಗೆ ಶ್ರವಣಯಂತ್ರ ಹಾಕಿದರೆ ಮನೆಯ ಮಾತು ಕೇಳಿಸೀತು, ಎಂಜಿನ್ ಕೋಣೆಗೆ ಮಾತ್ರ ಇನ್ನು ಇಳಿಯಬಾರದು ಎಂದು ವೈದ್ಯರು ಚೀಟಿ ಬರೆದರು. ಪ್ರಿಯಾಂಕಾ ಅದರ ಫೋಟೊ ತೆಗೆದಳು. ಹಡಗಿನ ಕಂಪನಿಯ ಮುಂಬೈ ಆಫೀಸಿಗೆ ಕಳಿಸಲೇ ಎಂದು ಮೊಬೈಲು ತೋರಿಸಿದಾಗ ಅವನೇ ಒತ್ತಿ ಕಳಿಸಿದ.

ಬಸ್ ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರಿನ ಬಸ್ಸು ಬರಲು ಇನ್ನೂ ಮುಕ್ಕಾಲು ತಾಸು ಇತ್ತು. ಪ್ರಿಯಾಂಕಾ ಎರಡು ಪ್ಲೇಟು ಗಿರ್ಮಿಟ್ ತಂದು, ಅವನ ಎದುರಿಗೆ ನಿಂತು, "ಇನ್ನ ಮುಂದ ಏನ ಮಾಡತೀಯಪ್ಪಾ?" ಎಂದು ಕೇಳಿದಳು.

"ಸದ್ಯಕ್ಕ ಸ್ವಲ್ಪ ಕುಂದರತೇನಿ" ಎಂದು ಭರಮಣ್ಣ ಕಲ್ಲುಬೆಂಚಿನ ಮೇಲೆ ಅವಳಿಗೂ ಜಾಗ ಮಾಡಿದ.