ಟಿಕೆಟ್ ಇಲ್ಲದ ಬುಜ್ಜಮ್ಮ

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಸೀಟಿ ಊದಿದ ಕಂಡಕ್ಟರ್ ನಾನು, ಕುಳ್ಳಾಯಪ್ಪ. ಜಮ್ಮಲಮಡುಗಿನಿಂದ ಯಾವ ದಿಕ್ಕಿಗೆ ಹೊರಟರೂ ಯಾವ ಬೇವಿನ ಮರದ ಕೆಳಗೆ ಯಾರು ಇಳಿಯುತ್ತಾರೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇಷ್ಟಾದರೂ ನಮ್ಮಕ್ಕ ಓಬುಳಮ್ಮನ ಲೆಕ್ಕದಲ್ಲಿ ನಾನು ಒಂದು ಕೋಳಿಮರಿಯನ್ನು ಬೀದಿ ದಾಟಿಸಲೂ ಲಾಯಕ್ಕಿಲ್ಲದವನು. ಕಾರಣ ಹಳೆಯದು. ಅವಳ ಮಗ ಚಿಕ್ಕವನಾಗಿದ್ದಾಗ ಅವನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ, ಹೊಡೆದಾಟದ ಗುಂಗಿನಲ್ಲಿ ನಾನೊಬ್ಬನೇ ಮನೆಗೆ ಬಂದುಬಿಟ್ಟಿದ್ದೆ. ಹುಡುಗ ಟಾಕೀಸಿನ ಗೇಟಿನವನ ಜೊತೆ ಬೋಂಡಾ ತಿನ್ನುತ್ತ ಕೂತಿದ್ದ. ಅವನಿಗೆ ಆ ಸಂಜೆ ನೆನಪೇ ಇಲ್ಲ. ಅಕ್ಕನಿಗೆ ಬೋಂಡಾ ಎಷ್ಟು ತಿಂದ ಅನ್ನುವುದೂ ನೆನಪಿದೆ.

ಈಗ ಆ ಮಗನಿಗೂ ಅವನ ತಂಗಿಗೂ ಸೇರಿ ನಾಲ್ಕು ಮಕ್ಕಳು. ಸಂಕ್ರಾಂತಿ ರಜೆಗೆ ನಾಲ್ಕೂ ಅಜ್ಜಿಯ ಮನೆಗೆ ಬಂದು ಇಳಿಯುತ್ತವೆ. ನನಗೆ ಮಕ್ಕಳಿಲ್ಲ, ಹೆಂಡತಿ ಹೋಗಿ ಆರು ವರ್ಷವಾಯಿತು. ವರ್ಷದಲ್ಲಿ ಆ ಹತ್ತು ದಿನ ಮಾತ್ರ ನಾನು ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಳ್ಳುವುದು. ಅವರನ್ನು ಗಂಡಿಕೋಟೆಗೆ ಕರೆದೊಯ್ದು ಪೆನ್ನಾ ನದಿಯ ಕಮರಿ ತೋರಿಸಬೇಕೆಂದು ಎರಡು ವರ್ಷ ಅಕ್ಕನ ಕೈಕಾಲು ಹಿಡಿದೆ. ಮೂರನೆಯ ವರ್ಷ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ನೋಡು ಕುಳ್ಳಾಯಿ, ಆ ಬಂಡೆಗಳಿಗೆ ಬೇಲಿ ಇಲ್ಲ, ಕಟಕಟೆ ಇಲ್ಲ. ಒಂದು ಮಗುವಿಗೆ ಹೆಚ್ಚುಕಮ್ಮಿ ಆದ್ರೂ ಇನ್ನು ಮುಂದೆ ಇವರನ್ನ ನಿನ್ನ ಕೈಗೆ ಕೊಡಲ್ಲ. ಹೊಸ್ತಿಲಾಚೆ ನಿಂತು ಮುಖ ನೋಡ್ಕೊಂಡು ಹೋಗೋದು, ಅಷ್ಟೇ."

"ಅಕ್ಕಾ, ನೂರಿಪ್ಪತ್ತು ಜನ ತುಂಬಿದ ಬಸ್ಸಲ್ಲೂ ಲೆಕ್ಕ ತಪ್ಪಿದವನಲ್ಲ ನಾನು."

"ಬಸ್ಸಿಗೆ ಬಾಗಿಲಿರುತ್ತೆ ಕಣೋ," ಎಂದಳು ಅಕ್ಕ, ಕಜ್ಜಾಯ ಎಣಿಸಿ ಡಬ್ಬಿಗೆ ತುಂಬುತ್ತ. ತಲೆಗೆ ಎರಡು, ಐವರಿಗೆ ಹತ್ತು. ಕೆಳಗಿನ ಡಬ್ಬಿಯಲ್ಲಿ ಮಂಡಕ್ಕಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ.

ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊರಟೆವು. ದೊಡ್ಡವಳು ಹಿಮಬಿಂದು, ಹದಿನಾಲ್ಕು ತುಂಬಿದೆ. ಅವಳ ಕಣ್ಣು ಫೋನಿನಲ್ಲಿ, ಫೋನಿನಲ್ಲಿ ಅವಳದೇ ಮುಖ. ಆಮೇಲೆ ವಂಶಿ, ಹನ್ನೊಂದು ವರ್ಷ. ಗೋಡೆ ಕಂಡರೆ ಹತ್ತಬೇಕು, ಹಳ್ಳ ಕಂಡರೆ ಹಾರಬೇಕು. ಸುಬ್ಬುವಿಗೆ ಏಳು. ಅವನಿಗೆ ಹಸಿವು ಮತ್ತು ಪ್ರಶ್ನೆ ಎರಡೂ ಮುಗಿಯುವುದಿಲ್ಲ. ಕೊನೆಯವಳು ಬುಜ್ಜಮ್ಮ, ನಾಲ್ಕು ವರ್ಷದವಳು. ಅವಳು ಇಡೀ ದಾರಿ ನನ್ನ ತೊಡೆಯ ಮೇಲಿದ್ದಳು.

ಆ ಬಸ್ಸಿನ ಕಂಡಕ್ಟರ್ ನನ್ನ ಕೈಕೆಳಗೆ ಕಲಿತ ಹುಡುಗ. ಮಕ್ಕಳ ಕಡೆ ನೋಡಿ, "ಒಂದು ಫುಲ್ಲು, ಎರಡು ಹಾಫು," ಎಂದು ಟಿಕೆಟ್ ಹರಿದ.

"ನಂಗೆ?" ಎಂದು ಬುಜ್ಜಮ್ಮ ಕೈ ಚಾಚಿದಳು.

"ನಿಂಗೆ ಐದು ತುಂಬಿಲ್ಲಮ್ಮ. ನೀನು ಲೆಕ್ಕಕ್ಕಿಲ್ಲ," ಎಂದೆ ನಾನೇ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಮುಷ್ಟಿ ಮಾಡಿ ಕುಳಿತಳು.

ಕೋಟೆಯ ಒಳಗಿಂದ ಕಮರಿಯ ಕಡೆಗೆ ನಡೆದು, ಬಂಡೆಗಳು ಶುರುವಾಗುವಲ್ಲಿ ಎಲ್ಲರನ್ನೂ ನಿಲ್ಲಿಸಿದೆ. ಅಲ್ಲಿಂದ ಅಂಚು ಇನ್ನೂ ಇಪ್ಪತ್ತು ಹೆಜ್ಜೆ. ಗಾಳಿ ಜೋರಾಗಿತ್ತು. ನನ್ನ ಕೆಂಪು ಟವೆಲನ್ನು ಅಡ್ಡಕ್ಕೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟೆ.

"ಇದು ಬಸ್ಸಿನ ಬಾಗಿಲು. ಇದರಿಂದಾಚೆ ಯಾರೂ ನಿಂತುಕೊಂಡು ಹೋಗೋ ಹಾಗಿಲ್ಲ. ಹೊಟ್ಟೆ ಮೇಲೆ ಮಲಗಿ ತೆವಳ್ಕೊಂಡು ಹೋಗ್ಬೇಕು, ಒಂದು ಸಲಕ್ಕೆ ಒಬ್ಬರು, ನಾನು ಕಾಲು ಹಿಡಿದಿರ್ತೀನಿ. ಹಿಮಾ, ಫೋಟೊ ಬೇಕಂದ್ರೆ ಕೂತು ತೆಗಿ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ ಅಂದ್ರೆ ಫೋನ್ ನನ್ನ ಜೇಬಿಗೆ."

"ಹಲ್ಲಿ ಥರ ಮಲಗಿ ನೋಡೋದಾ? ನನ್ನ ಫ್ರೆಂಡ್ಸ್ ನಗ್ತಾರೆ ತಾತಾ," ಎಂದಳು ಹಿಮಬಿಂದು.

"ಹಲ್ಲಿ ಬಿದ್ದಿದ್ದು ನೋಡಿದೀಯಾ? ಅದಕ್ಕೇ ಹೇಳಿದ್ದು."

ಇಷ್ಟಕ್ಕೇ ನನಗೆ ಧೈರ್ಯ ಸಾಲಲಿಲ್ಲ. ನಮ್ಮ ಕಡೆ ದೊಡ್ಡ ಮಾತಿಗೆ ಬೀಗ ಹಾಕುವುದು ಆಣೆಯಿಂದ. ಕೂತು ಟೋಪಿ ತೆಗೆದೆ. ಒಬ್ಬೊಬ್ಬರಾಗಿ ನನ್ನ ತಲೆಯ ಮೇಲೆ ಕೈಯಿಟ್ಟು, ಹೇಳಿದ ಜಾಗ ಬಿಟ್ಟು ಏಳುವುದಿಲ್ಲ ಎಂದು ಆಣೆ ಮಾಡಬೇಕು ಎಂದೆ.

"ಕೈ ಜಾರ್ತಾ ಇದೆ ತಾತಾ," ಎಂದ ವಂಶಿ, ನನ್ನ ಬೋಳು ತಲೆ ಸವರುತ್ತ. ಹಿಮಬಿಂದು ಒಂದು ಬೆರಳು ತಾಗಿಸಿ ಮುಗಿಸಿದಳು.

"ಆಣೆ ಮುರಿದ್ರೆ ಏನಾಗುತ್ತೆ?" ಎಂದ ಸುಬ್ಬು. ಅವನೇ ಉತ್ತರ ಹೇಳಿದ: "ತಾತನ ತಲೆ ಸಿಡಿದು ಹೋಳಾಗುತ್ತೆ. ಅಜ್ಜಿ ಹೇಳಿದಾರೆ."

ಬುಜ್ಜಮ್ಮ ಎರಡೂ ಕೈ ಇಟ್ಟಳು. ಬಹಳ ಹೊತ್ತು ಇಟ್ಟುಕೊಂಡಿದ್ದಳು.

ಅವಳನ್ನು ಟವೆಲಿನ ಹಿಂದೆ ಒಂದು ದೊಡ್ಡ ಬಂಡೆಯ ನೆರಳಿನಲ್ಲಿ ಕೂರಿಸಿದೆ. "ನಾನು ಬಂದು ಕರೆಯೋವರೆಗೂ ಏಳಬಾರದು." ಅವಳು ತಲೆಯಾಡಿಸಿದಳು. ಆಮೇಲೆ ನಾನು, ದೊಡ್ಡ ಮೂವರು, ಕಮರಿ. ವಂಶಿಯ ಎರಡೂ ಕಾಲು ಬಿಗಿಯಾಗಿ ಹಿಡಿದು ಅಂಚಿನವರೆಗೆ ಬಿಟ್ಟೆ. ಅಷ್ಟು ಹೊತ್ತು ಬಾಯಿ ಬಡಿಯುತ್ತಿದ್ದ ಹುಡುಗ ಕೆಳಗೆ ನೋಡಿದೊಡನೆ ತಣ್ಣಗಾದ. "ತಾತಾ, ಕೆಳಗೆ ಹದ್ದು ಹಾರ್ತಾ ಇದೆ. ನಮಗಿಂತ ಕೆಳಗೆ," ಎಂದ. ಹಿಮಬಿಂದು ಫೋಟೊ ತೆಗೆಯಲು ಹೋಗಿ ಮರೆತು ಸುಮ್ಮನೆ ನೋಡುತ್ತ ಮಲಗಿದಳು. ಸುಬ್ಬು ಮಾತ್ರ ನೀರಿನಲ್ಲಿ ಮೊಸಳೆ ಇದೆಯೇ, ಇದ್ದರೆ ಅದಕ್ಕೆ ಊಟ ಯಾರು ಹಾಕುತ್ತಾರೆ ಎಂದು ವಿಚಾರಿಸಿದ. ನನ್ನ ಎದೆ ಉಬ್ಬಿತ್ತು. ಅಕ್ಕ ಇಲ್ಲಿದ್ದು ನೋಡಬೇಕಿತ್ತು ಅಂದುಕೊಂಡೆ. ಅವಳು ಅಲ್ಲಿ ಇರಲಿಲ್ಲವಲ್ಲ, ಅದೇ ನನ್ನ ಪುಣ್ಯ.

ಸುಬ್ಬುವನ್ನು ಹಿಂದಕ್ಕೆ ಎಳೆದು ಟವೆಲಿನ ಈಚೆ ತಂದಿದ್ದೆನೋ ಇಲ್ಲವೋ, ಒಂದು ಗಡವ ಕೋತಿ ನಮ್ಮ ಊಟದ ಚೀಲಕ್ಕೆ ಕೈ ಹಾಕಿತು. ಚೀಲ ಹೊತ್ತು ಕೋಟೆಯ ಹಳೆಯ ಕಣಜದ ಕಡೆ ಓಟ ಕಿತ್ತಿತು. "ಕಜ್ಜಾಯ," ಎಂದು ಸುಬ್ಬು ಕಿರುಚಿ ಓಡಿದ, ಅವನ ಹಿಂದೆ ವಂಶಿ, ವಂಶಿಯ ಹಿಂದೆ ಹಿಮಬಿಂದು. ಅಂಚಿನ ಕಡೆ ಓಡದೆ ಈ ಕಡೆ ಓಡಿದರಲ್ಲ ಎಂದು ದೇವರಿಗೆ ಕೈ ಮುಗಿದು, ಟವೆಲ್ ಕಿತ್ತು ಹೆಗಲಿಗೆ ಹಾಕಿಕೊಂಡು ನಾನೂ ಓಡಿದೆ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಅನ್ನುತ್ತಾರೆ. ಈ ಕೋತಿ ಕೆಡಲಿಲ್ಲ. ಚೀಲ ಭಾರವಾಯಿತೆಂದು ಕಣಜದ ಬಾಗಿಲಲ್ಲೇ ಎಸೆದು, ಎರಡು ಬಜ್ಜಿಯನ್ನಷ್ಟೇ ಎತ್ತಿಕೊಂಡು ಗೋಡೆ ಹತ್ತಿತು.

ಏದುಸಿರು ಬಿಡುತ್ತ ಎಣಿಸಿದೆ. ಒಂದು ಫುಲ್ಲು, ಎರಡು ಹಾಫು. ಸರಿ. ರೈಟ್, ರೈಟ್.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೊಟ್ಟೆಪಾಡಿನ ಗುಣವೂ ಹೋಗುವುದಿಲ್ಲ. ಮೂವತ್ತೊಂದು ವರ್ಷ ನಾನು ತೊಡೆಯ ಮೇಲಿನ ಮಗುವನ್ನು ಎಣಿಸಿದವನೇ ಅಲ್ಲ.

ಕಣಜದ ತಂಪಿನಲ್ಲಿ ಕಾಗದ ಹಾಸಿ ಉಗ್ಗಾಣಿ ಬಡಿಸಿದೆ. ಮಕ್ಕಳು ಹಸಿದಿದ್ದರು, ಕೋತಿಯ ಮಾತಿನಲ್ಲೇ ಮುಳುಗಿದ್ದರು. ಕಜ್ಜಾಯ ಹಂಚಿದೆ. ಡಬ್ಬಿ ನೋಡಿ ಸುಬ್ಬು ಕೇಳಿದ, "ತಾತಾ, ಇನ್ನೂ ಎರಡು ಉಳಿದಿವೆ. ನಾನು ತಗೊಳ್ಲಾ?"

ಅಕ್ಕನ ಲೆಕ್ಕ ತಪ್ಪುವುದಿಲ್ಲ. ಆ ಎರಡು ಕಜ್ಜಾಯ ಬುಜ್ಜಮ್ಮನವು.

"ಹಿಮಾ, ಇಬ್ಬರ ಕೈ ಹಿಡ್ಕೊ. ಏನೇ ಆದ್ರೂ ಇಲ್ಲಿಂದ ಅಲ್ಲಾಡಬೇಡ," ಎಂದೆ. ಅವಳು ನನ್ನ ಮುಖ ನೋಡಿದಳು. ಫೋನ್ ಕೆಳಗಿಟ್ಟು ತಮ್ಮಂದಿರಿಬ್ಬರ ಮಣಿಕಟ್ಟು ಹಿಡಿದಳು.

ಅಲ್ಲಿಂದ ಆ ಬಂಡೆಗೆ ಎಷ್ಟು ದೂರವೋ ನನಗೆ ಗೊತ್ತಿಲ್ಲ. ನನ್ನ ಮಂಡಿಗಳು ಹದಿನೈದು ವರ್ಷದಿಂದ ಹಾಗೆ ಓಡಿರಲಿಲ್ಲ, ಅವತ್ತು ಓಡಿದವು. ಗಾಳಿ ಇನ್ನೂ ಜೋರಾಗಿತ್ತು. ಬುಜ್ಜಿ, ಬುಜ್ಜಿ ಎಂದು ಕೂಗಿದರೆ ನನ್ನ ದನಿ ನನಗೇ ಕೇಳಲಿಲ್ಲ. ಅಕ್ಕನ ಹೊಸ್ತಿಲು ಮರೆತೇಹೋಗಿತ್ತು. ಆ ಮಗು ಇದ್ದರೆ ಸಾಕು, ಇನ್ನು ಜನ್ಮದಲ್ಲಿ ಯಾರ ಮುಖವನ್ನೂ ತೋರಿಸಬೇಡ ಸ್ವಾಮಿ ಎಂದು ಅಳುತ್ತಲೇ ಓಡಿದೆ.

ಬಂಡೆಯ ಸುತ್ತ ಆಡುಗಳು. ಅವುಗಳ ನಡುವೆ ಕೋಲು ಅಡ್ಡ ಹಿಡಿದು ಒಬ್ಬ ಹೆಂಗಸು, ಅಂಚಿನ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಎದುರಿಗೆ ನಾನು ಕೂರಿಸಿದಲ್ಲೇ, ಕೂರಿಸಿದ ಹಾಗೇ ಬುಜ್ಜಮ್ಮ. ಬಂಡೆಯ ನೆರಳು ಸರಿದುಹೋಗಿ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದಳು.

"ನಿನ್ನದೇನಪ್ಪಾ ಈ ಮಗು?" ಎಂದಳು ಆ ಹೆಂಗಸು. "ನೆರಳಿಗೆ ಬಾ ಅಂದೆ, ಬರ್ಲಿಲ್ಲ. ಎತ್ಕೊಳ್ಳಾಕೆ ಹೋದ್ರೆ ಕಚ್ಚಿದ್ಲು. ಎದ್ರೆ ನಮ್ಮ ತಾತನ ತಲೆ ಸಿಡಿಯುತ್ತೆ ಅಂತಾಳೆ. ಅಂಥ ತಲೆ ಇದ್ರೆಷ್ಟು ಬಿಟ್ರೆಷ್ಟು."

"ಎಣಿಸಿದೆ ತಾಯಿ. ತಪ್ಪಿಬಿಡ್ತು."

"ಎಷ್ಟು ಜನರನ್ನ ಎಣಿಸೋದಿತ್ತು?"

"ನಾಲ್ಕು."

ಅವಳು ತನ್ನ ಮಂದೆಯ ಕಡೆ ನೋಡಿದಳು. "ನನ್ನವು ಅರವತ್ತಾರು. ನನ್ನ ಹೆಸರು ದಸ್ತಗಿರಮ್ಮ, ಈ ಬಂಡೆ ಮೇಲೆ ಯಾರನ್ನಾದ್ರೂ ಕೇಳು, ಒಂದು ಮರಿ ಕಳ್ಕೊಂಡವಳಲ್ಲ. ನಾವು ಮರೀನೇ ಮೊದಲು ಎಣಿಸೋದಪ್ಪಾ. ದೊಡ್ಡವು ಕರೆದ್ರೆ ಬರ್ತಾವೆ."

ಬುಜ್ಜಮ್ಮನ ಮುಂದೆ ಕುಸಿದು ಕೂತೆ. ತೋಳು ಚಾಚಿದೆ. ಅವಳು ಏಳಲಿಲ್ಲ.

"ಆಣೆ ತೆಗಿ," ಎಂದಳು.

ಸರಿಯೇ. ನಮ್ಮಲ್ಲಿ ಆಣೆ ಹಾಕಿಸಿದವನೇ ಬಾಯಿಬಿಟ್ಟು ಅದನ್ನು ತೆಗೆಯಬೇಕು. "ಆಣೆ ತೆಗೆದು ಕಟ್ಟೆ ಮೇಲಿಟ್ಟೆ," ಎಂದೆ. ಅವಳು ನನ್ನ ತಲೆಯನ್ನು ಒಮ್ಮೆ ಮುಟ್ಟಿ, ಹೋಳಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನನ್ನ ಕುತ್ತಿಗೆಗೆ ಜೋತುಬಿದ್ದು ಜೋರಾಗಿ ಅತ್ತಳು. ನಾನೂ ಅತ್ತೆ. ದಸ್ತಗಿರಮ್ಮ ಕೋಲೂರಿ ಎದ್ದು, "ಇಬ್ಬರೂ ಮಕ್ಕಳೇ," ಎಂದು ಆಡು ಹೊಡೆದುಕೊಂಡು ಹೋದಳು. ದೊಡ್ಡ ಮಕ್ಕಳಿಗೆಲ್ಲ ಆಣೆ ಆಟವಾಗಿತ್ತು. ಯಾರನ್ನು ನಾನು ಎಣಿಸಲಿಲ್ಲವೋ ಅವಳೊಬ್ಬಳೇ ನನ್ನ ಮಾತು ಉಳಿಸಿದ್ದಳು.

ಕಣಜದಲ್ಲಿ ಹಿಮಬಿಂದು ತಮ್ಮಂದಿರ ಕೈ ಇನ್ನೂ ಬಿಟ್ಟಿರಲಿಲ್ಲ. ಕಜ್ಜಾಯ ಎರಡೂ ಡಬ್ಬಿಯಲ್ಲಿ ಹಾಗೇ ಇದ್ದವು. ಸುಬ್ಬು ಅವನ್ನು ಮುಟ್ಟದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸು ಬಸ್ಸಿನಲ್ಲಿ ವಂಶಿ ನನ್ನ ಕಿವಿಯ ಹತ್ತಿರ ಬಂದ. "ತಾತಾ, ಅಜ್ಜಿಗೆ ಹೇಳಲ್ಲ. ಬೇಕಾದ್ರೆ ನಿನ್ನ ತಲೆ ಮೇಲೆ ಆಣೆ ಮಾಡ್ತೀವಿ."

"ಬೇಡಪ್ಪಾ," ಎಂದೆ. "ಈ ತಲೆ ಇವತ್ತು ಸಾಕಷ್ಟು ಹೊತ್ತಿದೆ."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಹೊಸ್ತಿಲು ದಾಟಲಿಲ್ಲ. ಅವಳು ಕೇಳುವ ಮೊದಲೇ ಎಲ್ಲ ಹೇಳಿದೆ. ಕೋತಿ, ಫುಲ್ಲು ಹಾಫಿನ ಲೆಕ್ಕ, ಉಳಿದ ಕಜ್ಜಾಯ, ಆಡಿನ ಹೆಂಗಸು, ಏನೂ ಬಿಡಲಿಲ್ಲ. ಅಕ್ಕನ ಮುಖ ಕೆಂಪಾಯಿತು, ಬಿಳಿಚಿಕೊಂಡಿತು. ಬುಜ್ಜಮ್ಮನನ್ನು ಎಳೆದುಕೊಂಡು ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಮಗನ್ನ ಟಾಕೀಸಲ್ಲಿ ಬಿಟ್ಟು ಬಂದ ದಿನ ಮೂರು ಸುಳ್ಳು ಹೇಳಿದ್ದೆ ನೀನು. ನೆನಪಿದೆಯಾ?"

"ಇದೆ."

"ಇವತ್ತು ಒಂದೂ ಹೇಳಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಳೆಯಿಂದ ಕರ್ಕೊಂಡು ಹೋಗು. ಆದ್ರೆ ಎಣಿಸೋದು ನೀನಲ್ಲ. ಇವಳು."

ಬುಜ್ಜಮ್ಮನಿಗೆ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ಅಜ್ಜಿಯ ಮಡಿಲಿನಿಂದ ಇಳಿದು ತನ್ನ ಎದೆಯ ಮೇಲೇ ಬೆರಳಿಟ್ಟು ಶುರುಮಾಡಿದಳು. "ಒಂದು, ನಾನು." ಸುಬ್ಬು ಎರಡು. ವಂಶಿ ಮೂರು. ಹಿಮಬಿಂದು ನಾಲ್ಕು. ಅಲ್ಲಿಗೆ ಮುಗಿಯಿತೆಂದು ನಾನು ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿದೆ. ಕಂಡಕ್ಟರಿಗೂ ಟಿಕೆಟ್ ಇರುವುದಿಲ್ಲ. ಮೂವತ್ತೊಂದು ವರ್ಷ ನಾನು ನನ್ನನ್ನು ಯಾವ ಲೆಕ್ಕದಲ್ಲೂ ಸೇರಿಸಿದವನಲ್ಲ.

ಹೊಸ್ತಿಲು ದಾಟಿ ಬಂದು ಅವಳು ನನ್ನ ಹೊಟ್ಟೆಗೆ ಬೆರಳು ಚುಚ್ಚಿದಳು.

"ಐದು, ತಾತ."

"ಐದೂ ಬಂದ್ವಲ್ಲ," ಎಂದಳು ಅಕ್ಕ, ಒಳಗೆ ಹೋಗುತ್ತ. "ಕೈಕಾಲು ತೊಳ್ಕೊಳ್ಳಿ, ತಟ್ಟೆ ಹಾಕ್ತೀನಿ."