ಹುಣಸೆಹಣ್ಣಿನ ಹೊಳಪು

ಅಂಬಿಕಾಳ ಅಪ್ಪ ಜಂಬಯ್ಯ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದವನು. ಡಿಜೆ ಬಂದು ಬ್ಯಾಂಡು ಚದುರಿತು, ವಾದ್ಯ ಮಾರಿಹೋಯಿತು, ಅವನು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಕೂಲಿಗೆ ಸೇರಿದ. ಅಲ್ಲಿಂದೀಚೆಗೆ ಮನೆಯಲ್ಲಿ ಅವನ ದನಿಯೂ ಅಪರೂಪ. ಒಂದು ದಿನ ಮಲೆಬೆನ್ನೂರಿನ ಬ್ಯಾಂಡಿನವರು ಬಂದು, "ವಾದ್ಯ ಐತೇನೋ ಜಂಬಣ್ಣ? ಇದ್ರೆ ಮುಂದಿನ ಸೋಮವಾರದ ಮದುವಿಗೆ ಬಾ, ಕಾಯಂ ಇಟ್ಕಂತೀವಿ. ಇಲ್ಲಾಂದ್ರೆ ಬ್ಯಾರೇರು ಅದಾರ" ಎಂದಿದ್ದರು. ಅಪ್ಪ ಬರಿಗೈ ತೋರಿಸಿ ನಕ್ಕಿದ್ದ. ಆ ನಗು ಅಂಬಿಕಾಳಿಗೆ ನಿದ್ದೆ ಕೊಡಲಿಲ್ಲ.

ಹರಿಹರದಲ್ಲಿ ಬಾಗಿಲು ಮುಚ್ಚಿದ ಬ್ಯಾಂಡ್ ಕಂಪನಿಯೊಂದರ ಹಳೆಯ ಸ್ಯಾಕ್ಸೋಫೋನ್ ಇತ್ತು; ಯಾವ ಕಾಲದ್ದೋ, ಯಾವ ದೇಶದ್ದೋ, ಮೈಯೆಲ್ಲ ಕಪ್ಪಿಟ್ಟಿತ್ತು. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಸುರಿದು ಅದನ್ನು ಕೊಂಡು, ರಿಪೇರಿಯ ಖಾಜಾ ಹುಸೇನರಿಗೆ ಕೊಟ್ಟಳು. ಶುಕ್ರವಾರ ಬೆಳಿಗ್ಗೆ ಹೋದಾಗ ಅವರು ಒಂದೇ ಸ್ವರ ಊದಿದರು. ಓಣಿಯ ಕೋಳಿಗಳು ಕೂಡ ಕೆದಕುವುದು ಬಿಟ್ಟು ನಿಂತವು.

"ತೂತು ಮುಚ್ಚೋ ಈ ತೊಗಲಿನ ಬಿಲ್ಲೆ ನೋಡವ್ವ, ಇವೇ ಇದರ ಜೀವ. ನನ್ನ ಹತ್ರ ಇದ್ದ ಬಿಲ್ಲೆ ಎಲ್ಲಾ ಇದಕ್ಕೇ ಆದವು. ಕಣ್ಣಿಗೆ ಪೊರೆ ಬಂದೈತೆ, ಇದು ನನ್ನ ಕಡೇ ಕೆಲಸ. ನೀರು ಮಾತ್ರ ತಾಗಿಸಬ್ಯಾಡ."

"ಈ ಕಪ್ಪು?" ಅಂಬಿಕಾ ಪಿಸುಗುಟ್ಟಿದಳು.

"ಇರ್ಲಿ ಬಿಡು ಬೇಟಾ. ಮುದುಕರಿಗೆ ಪೌಡರ್ ಯಾಕ?"

ಮನೆಗೆ ತಂದು ಟ್ರಂಕಿನಲ್ಲಿಟ್ಟು, ಅವ್ವ ಕೆಂಚಕ್ಕನಿಗೆ "ಅಪ್ಪಗೆ ಹೇಳಬ್ಯಾಡ, ಸಂಜಿಗೆ ಕೊಡಾಣ" ಎಂದಷ್ಟೇ ಹೇಳಿ ಪಾಠಕ್ಕೆ ಓಡಿದಳು.

ಸಂಜೆ ಬಂದಾಗ ವಾದ್ಯ ದೇವರ ಮುಂದೆ ಬಂಗಾರದಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಚೊಂಬು, ತಂಬಿಗೆ, ದೀಪದ ಕಂಬ. ಎಲ್ಲಕ್ಕೂ ಒಂದೇ ಹೊಳಪು.

"ಶುಕ್ರವಾರ ಮನಿಗೆ ಬಂದ ಹಿತ್ತಾಳಿ ತಿಕ್ಕದೆ ಹೆಂಗೆ ಇಡಾದು?" ಅವ್ವ ಕೈ ಒರೆಸಿಕೊಳ್ಳುತ್ತ ಬೀಗಿದಳು. "ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಮೂಲಿ ಮೂಲಿಗೂ ನೀರು ಹುಯ್ದು ತೊಳ್ದೆ. ಭಟ್ಟಿ ಮಸಿ ಇದ್ದಂಗಿತ್ತಲ್ಲೇ!"

ಅಂಬಿಕಾ ವಾದ್ಯ ಎತ್ತಿಕೊಳ್ಳಲು ಬಾಗಿದಳು. ಅಷ್ಟರಲ್ಲಿ ಹೊಸ್ತಿಲಲ್ಲಿ ಅಪ್ಪ ನಿಂತಿದ್ದ.

ಅವನು ಚಪ್ಪಲಿ ಬಿಡುವುದನ್ನೂ ಮರೆತು ಬಂದು ವಾದ್ಯವನ್ನು ಎದೆಗೆ ಒರಗಿಸಿಕೊಂಡ. ಕಣ್ಣು ಮುಚ್ಚಿ ಊದಿದ. ಬಂದದ್ದು ಬರೀ ಗಾಳಿ. ಒಳಗೆಲ್ಲೋ ನೀರಿನ ಗೊರಗೊರ. ಮತ್ತೆ ಊದಿದ, ಕತ್ತಿನ ನರ ಉಬ್ಬುವಂತೆ. ಬೆರಳಿನಿಂದ ಒಂದು ಬಿಲ್ಲೆ ಒತ್ತಿ ನೋಡಿದ. ನೆಂದ ರೊಟ್ಟಿಯಂತೆ ಅದು ಊದಿಕೊಂಡಿತ್ತು. ಬೆರಳನ್ನು ಮೂಗಿಗೆ ಹಿಡಿದ. ಆಮೇಲೆ ಅವ್ವನ ಕೈಗಳತ್ತ ನೋಡಿದ. ಉಗುರ ಸಂದಿನಲ್ಲಿ ಇನ್ನೂ ಹುಣಸೆಯ ನಾರಿತ್ತು.

"ಯಾಕ್ರೀ, ನುಡಿಯವಲ್ದು?" ಅವ್ವನ ಮುಖ ಬಾಡಿತು. "ನಾನೇನಾರ..."

"ಏ, ನೀ ಏನು ಮಾಡ್ತೀಯೇ? ಚಂದಾಗಿ ತಿಕ್ಕೀಯ." ಒದ್ದೆ ಬೆರಳನ್ನು ಅಪ್ಪ ಲುಂಗಿಗೆ ಒರೆಸಿಕೊಂಡ. "ಭಟ್ಟಿ ಹೊಗಿ ಕುಡ್ದು ಕುಡ್ದು ನನ್ನ ಉಸಿರೇ ಹೋಗೈತಿ. ವಾದ್ಯದ್ದೇನು ತಪ್ಪಿಲ್ಲ."

ಮಗಳ ಕಣ್ಣನ್ನು ಅವನು ಹುಡುಕಿದ. ಹೇಳಬ್ಯಾಡ ಎಂದಿತು ಆ ನೋಟ. ನೀರು ತಾಗಿಸಬಾರದೆಂಬ ಮಾತನ್ನು ಬೆಳಿಗ್ಗೆ ಅವ್ವನಿಗೆ ಹೇಳಲು ಮರೆತವಳು, ಈಗ ಬೇಕೆಂದೇ ಹೇಳದೆ ಉಳಿಸಿಕೊಂಡಳು.

ಸೋಮವಾರ ಮಲೆಬೆನ್ನೂರಿನವರು ಬೇರೆಯವನನ್ನು ಕರೆದೊಯ್ದರು. ಅಪ್ಪ ಭಟ್ಟಿಗೆ ಹೋದ.

ಸ್ಯಾಕ್ಸೋಫೋನ್ ದೇವರ ಪಕ್ಕದಲ್ಲೇ ಇದೆ. ಪ್ರತಿ ಶುಕ್ರವಾರ ಅವ್ವ ಹುಣಸೆಹಣ್ಣು ನೆನೆಹಾಕುತ್ತಾಳೆ. "ನಿಮ್ಮಪ್ಪಗೆ ಉಸಿರು ಬರಾ ಹೊತ್ತಿಗೆ ಇದು ಕಪ್ಪಾಗಿರಬಾರ್ದು" ಎನ್ನುತ್ತ ಮೂಲೆ ಮೂಲೆಗೂ ನೀರು ಹೊಯ್ಯುತ್ತಾಳೆ. ಅಂಬಿಕಾ ಬಾವಿಕಟ್ಟೆಯಿಂದ ಇನ್ನೊಂದು ಕೊಡ ತಂದು ಅವಳ ಪಕ್ಕದಲ್ಲಿ ಇಡುತ್ತಾಳೆ.